ಅಪ್ಪನಿಗೆ ವಚನ, ಮಗನಿಗೆ ಕರಡಿಗೆ: ಬಳ್ಳಾರಿಯ ಒಂದು ಪೂಜಾ ಸಾಮಾನಿನ ಅಂಗಡಿ

ಬಳ್ಳಾರಿಯ ಹಳೇ ಪೇಟೆಯಲ್ಲಿ ಪೂಜಾ ಸಾಮಾನಿನ ಅಂಗಡಿಗಳಿಗೆ ಬರವಿಲ್ಲ. ಕುಂಕುಮ, ಕರ್ಪೂರ, ಊದಿನಕಡ್ಡಿ ಯಾವ ಅಂಗಡಿಯಲ್ಲಿ ತಗೊಂಡರೂ ಅಷ್ಟೇ. ಲಿಂಗಾಯತರು ಮೈಮೇಲೆ ಕಟ್ಟಿಕೊಳ್ಳುವ ಪುಟ್ಟ ಲಿಂಗ, ಅಂದರೆ ಇಷ್ಟಲಿಂಗ, ಅದರ ಪೂಜೆಯ ಸಾಮಾನು ಮಾತ್ರ ಹಾಗಲ್ಲ. ಲಿಂಗ ಇಡುವ ಪುಟ್ಟ ಡಬ್ಬಿಯಾದ ಕರಡಿಗೆಯ ಕೊಕ್ಕೆ ಹೇಗಿರಬೇಕು, ವಿಭೂತಿ ಯಾವ ಬಣ್ಣದ್ದಾದರೆ ಒಳ್ಳೆಯದು, ಕರಡಿಗೆಯನ್ನು ಕೊರಳಿಗೆ ಕಟ್ಟುವ ಶಿವದಾರ ಎಷ್ಟು ಉದ್ದ ಬಿಡಬೇಕು ಅನ್ನುವುದನ್ನೆಲ್ಲ ಮನೆಯ ಅಜ್ಜಿ ಕೈಹಿಡಿದು ಹೇಳಿಕೊಡುತ್ತಿದ್ದಳು.

ಈಗ ಇಂಥ ಅಂಗಡಿಗೆ ಬೇರೊಂದು ಬಗೆಯ ಗಿರಾಕಿ ಬರುತ್ತಿದ್ದಾನೆ. ವಯಸ್ಸು ಹದಿನಾರು, ಹದಿನೇಳು. ಪಿಯುಸಿ ಸೈನ್ಸು, ಕಣ್ಣು ಊರಿನ ಮೆಡಿಕಲ್ ಕಾಲೇಜಿನ ಸೀಟಿನ ಮೇಲೆ. ಅಪ್ಪ ಕಾಲೇಜು ಮೇಷ್ಟ್ರು, ಬಸವ ಜಯಂತಿಗೆ ಮೂರು ಕಡೆ ಭಾಷಣ ಮಾಡುವವರು. ಅಮ್ಮ ಒಂದು ಕಾಲಕ್ಕೆ ರಾಘವ ಕಲಾಮಂದಿರದಲ್ಲಿ ನಾಟಕ ಆಡಿದವರು. ಹಾಲಿನ ಗೋಡೆಗೆ ಬಸವಣ್ಣ, ಪಕ್ಕದಲ್ಲಿ ಅಂಬೇಡ್ಕರ್. ದೇವರ ಮನೆ ಇದ್ದ ಜಾಗದಲ್ಲಿ ಪುಸ್ತಕದ ಕಪಾಟು. ಭಾನುವಾರ ಮಟನ್ನು. ಇಂಥ ಮನೆಯಲ್ಲಿ ಹುಡುಗ ಬೆಳಗಿನ ನಾಲ್ಕೂವರೆಗೆ ಎದ್ದು ತಣ್ಣೀರು ಹೊಯ್ದುಕೊಂಡು ವಿಭೂತಿ ಹಚ್ಚಿ ಕೂರುತ್ತೇನೆ ಅಂತಾನೆ. ಅಜ್ಜನ ಪೆಟ್ಟಿಗೆ ತೆಗೆದು ನೋಡೋಣವೆಂದರೆ ಅದರಲ್ಲೂ ಲಿಂಗ ಇರುವುದಿಲ್ಲ, ಯಾಕೆಂದರೆ ಅಜ್ಜನ ಲಿಂಗ ಅಜ್ಜನ ಜೊತೆಗೇ ಮಣ್ಣಿಗೆ ಹೋಗಿರುತ್ತದೆ. ಮನೆ, ಹೊಲದ ಹಾಗೆ ಅದು ಪಾಲಿಗೆ ಬರುವ ಆಸ್ತಿಯಲ್ಲ. ಹಾಗಾಗಿ ಹುಡುಗ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು, ಕಲಿಸುವವರು ಮನೆಯಲ್ಲಿ ಯಾರೂ ಇಲ್ಲ. ಅಂದಮೇಲೆ ಅಜ್ಜಿಯ ಕೆಲಸ ಅಂಗಡಿಯ ಪಾಲಿಗೆ ಬಂತು. ಬ್ರೂಸ್‌ಪೇಟೆ ಕಡೆಯ ಈ ಅಂಗಡಿಯನ್ನು ನಾವು ತೂಗಿ ನೋಡಿದ್ದು ಅದೇ ತಕ್ಕಡಿಯಲ್ಲಿ.

ಆ ತಕ್ಕಡಿಯಲ್ಲಿ ಅಂಗಡಿ ಮುಕ್ಕಾಲು ಪಾಲು ಗೆಲ್ಲುತ್ತದೆ.

ಗಲ್ಲಾಪೆಟ್ಟಿಗೆ ಹಿಂದೆ ಕೂತ ಅಯ್ಯನೋರು ಹುಡುಗರನ್ನು ಮೊದಲು ಕೇಳುವುದು ಒಂದೇ ಮಾತು: "ತಮ್ಮಾ, ದೀಕ್ಷೆ ಆಗೈತೇನಪ್ಪಾ?" ಇಲ್ಲ ಅಂದರೆ ಲಿಂಗ ಕೊಡುವುದಿಲ್ಲ. ತಟ್ಟೆ, ವಿಭೂತಿ, ಮಣೆ ಬೇಕಾದರೆ ಒಯ್ಯಿ, ಲಿಂಗ ಮಾತ್ರ ಗುರುವಿನ ಕೈಯಿಂದಲೇ ಬರಬೇಕು ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ತರಿಸಬಹುದಲ್ರೀ ಅಂದರೆ, "ಬರ್ತೈತಪ್ಪಾ, ಕಲ್ಲು ಬರ್ತೈತೆ" ಅಂತ ನಗುತ್ತಾರೆ. ವ್ಯಾಪಾರ ಕಳಕೊಂಡು ಹೀಗೆ ಹೇಳುವವರು ಕಡಿಮೆ. ಭಕ್ತನನ್ನು ಕಾಯುವ ಎಂಟು ಕವಚ ಅನ್ನುವ ಅಷ್ಟಾವರಣದಲ್ಲಿ ಮೊದಲು ಗುರು, ಆಮೇಲೆ ಲಿಂಗ. ಅಂಗಡಿಗೆ ಆ ಕ್ರಮ ಗೊತ್ತಿದೆ. ಮಠಕ್ಕೆ ಕೊಂಡೊಯ್ದು ದೀಕ್ಷೆಯ ದಿನ ಗುರುಗಳಿಂದ ಕಟ್ಟಿಸಿಕೊಳ್ಳುತ್ತೇವೆ ಅನ್ನುವವರಿಗೆ ಕೊಡುತ್ತಾರೆ. ಎರಡನೆಯ ಪ್ರಶ್ನೆ, "ಮನ್ಯಾಗ ಹೇಳೀಯೇನು?" ಅಪ್ಪ ಒಪ್ಪಿರಬೇಕು ಅಂತಲ್ಲ, ಗೊತ್ತಿರಬೇಕು ಅಂತ. ಕದ್ದು ಕಟ್ಟಿಕೊಂಡವರು ಸ್ನಾನದ ಮನೆಯಲ್ಲೊಮ್ಮೆ, ಸ್ಕೂಲ್ ಬ್ಯಾಗಿನಲ್ಲೊಮ್ಮೆ ಬಚ್ಚಿಡಲು ಹೋಗಿ ಕಳೆದುಕೊಳ್ಳುತ್ತಾರೆ ಅನ್ನುವುದು ಅವರ ಅನುಭವ.

ಲಿಂಗದ ವಿಷಯಕ್ಕೆ ಬಂದರೆ, ಒಳಗಿರುವುದು ಬೂದು ಬಣ್ಣದ ಕಲ್ಲು. ಮೇಲೆ ಕಾಣುವ ಕರಿ ಹೊದಿಕೆಯೇ ಕಂತಿ, ಭಸ್ಮವನ್ನು ಎಣ್ಣೆಯಲ್ಲೋ ತುಪ್ಪದಲ್ಲೋ ಅರೆದು ಕಟ್ಟಿದ್ದು. ಕೊಳ್ಳುವಾಗ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಹೊರಗೆ ಬಿಸಿಲಿಗೆ ತಂದು ನಿಧಾನಕ್ಕೆ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೆಳಕು ಅಲ್ಲಿ ಮುರಿಯುತ್ತದೆ. ಬಿರುಕು ಸಾಮಾನ್ಯವಾಗಿ ಪೀಠದ ಅಂಚಿನಲ್ಲಿರುತ್ತದೆ, ನೆತ್ತಿಯಲ್ಲಿ ಅಲ್ಲ. ಆಮೇಲೆ ಎಡ ಅಂಗೈಯಲ್ಲಿಟ್ಟು ನೋಡಿ, ಬುಡ ಸಪಾಟಾಗಿ ಕೂರಬೇಕು. ಆಡಿದರೆ ಇಪ್ಪತ್ತು ನಿಮಿಷ ಹಿಡಿದು ಕೂರುವುದು ಆಗದ ಕೆಲಸ.

ಕಂತಿ ಹಾಳಾಗುವುದು ಮೂರು ಕಾರಣಕ್ಕೆ. ಬಿಸಿನೀರು ಒಂದು. ಪಾತ್ರೆ ತಿಕ್ಕುವ ನಾರು, ಸೋಪಿನ ಪುಡಿ ಇನ್ನೊಂದು. ಇವೆರಡೂ ಎಣ್ಣೆಯ ಅಂಶ ತೆಗೆದುಬಿಡುತ್ತವೆ. ಮೂರನೆಯದು ನಮ್ಮೂರಿನ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಬೈಕಿನ ಡಿಕ್ಕಿಯಲ್ಲೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಕರಡಿಗೆ ಬಿಟ್ಟು ಹೋದರೆ ಕಂತಿ ಮೆತ್ತಗಾಗಿ ಒಳಗಿನ ಬಟ್ಟೆಗೆ ಅಂಟುತ್ತದೆ, ಬಿಡಿಸಲು ಹೋದರೆ ಹೆಕ್ಕಳ ಏಳುತ್ತದೆ. ಬೋರ್‌ವೆಲ್ ನೀರಲ್ಲಿ ಅಭಿಷೇಕ ಮಾಡಿ ಒರೆಸದೆ ಬಿಟ್ಟರೆ ಉಪ್ಪಿನ ಬಿಳಿ ಕಲೆ ಕೂರುತ್ತದೆ, ಅದು ಹಾನಿಯಲ್ಲ, ಆದರೆ ನೋಡಲು ಚೆನ್ನಲ್ಲ. ಕುಡಿಯುವ ಫಿಲ್ಟರ್ ನೀರು ಒಂದು ಬಟ್ಟಲು ಸಾಕು. ಕಂತಿ ಕಿತ್ತರೆ ಮೇಲೆ ಬಣ್ಣ ಬಳಿಯುವ ಅಂಗಡಿಗಳಿವೆ. ಇಲ್ಲಿ ಬಳಿಯುವುದಿಲ್ಲ, ಗುರುಗಳ ಹತ್ತಿರ ಹೋಗಿ ಅಂತಾರೆ. ಸರಿಯಾದ ಮಾತು.

ಇನ್ನು ಕರಡಿಗೆ. ಹುಡುಗರು ಎಡವುವುದೇ ಇಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಮೂರು ಬಗೆ ಇಟ್ಟಿದ್ದಾರೆ: ಬೆಳ್ಳಿ, ಜರ್ಮನ್ ಸಿಲ್ವರ್, ಮತ್ತು ಹಿತ್ತಾಳೆಗೆ ಬೆಳ್ಳಿ ನೀರು ಕುಡಿಸಿದ್ದು. ಹೊಸದಾಗಿದ್ದಾಗ ಮೂರೂ ಒಂದೇ ಥರ ಹೊಳೆಯುತ್ತವೆ. ಜರ್ಮನ್ ಸಿಲ್ವರ್‌ನಲ್ಲಿ ಹೆಸರಿಗೂ ಬೆಳ್ಳಿ ಇಲ್ಲ, ಅದು ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹ. ನಿಕ್ಕಲ್ ಒಗ್ಗದ ಮೈಯಿಗೆ ಬೆವರಿನ ಜೊತೆ ಸೇರಿ ಎದೆಯ ಮೇಲೆ ಕೆಂಪಗೆ ತುರಿಕೆ ಏಳುತ್ತದೆ, ಹುಡುಗ ಅದನ್ನು ಬಿಸಿಲುಗುಳ್ಳೆ ಅಂದುಕೊಂಡು ಪೌಡರ್ ಹಾಕುತ್ತಿರುತ್ತಾನೆ. ನೀರು ಕುಡಿಸಿದ ಹಿತ್ತಾಳೆಯಲ್ಲಿ ಶರ್ಟಿನ ಗುಂಡಿ ಉಜ್ಜುವ ಕಡೆ ಕೆಲವೇ ತಿಂಗಳಲ್ಲಿ ಹಳದಿ ಇಣುಕುತ್ತದೆ. ಬೆಳ್ಳಿ ಅಂದರೆ ಇಲ್ಲಿ 925, ಅಂದರೆ ನೂರಕ್ಕೆ ತೊಂಬತ್ತೆರಡೂವರೆ ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗೆ, ಕೊಕ್ಕೆ ನಿಲ್ಲುವುದಿಲ್ಲ, ಅದಕ್ಕೇ ತಾಮ್ರ ಬೆರೆಸುವುದು.

ತೂಕ ಎದುರಿಗೇ ಹಾಕಿಸಿ. ಬಿಲ್ಲಿನಲ್ಲಿ ಗ್ರಾಂ, ಆ ದಿನದ ದರ, ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ ನಾಲ್ಕೂ ಬೇರೆಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಕೇಳಿದರೆ ಬರೆದುಕೊಡುತ್ತಾರೆ, ಕೇಳದಿದ್ದರೆ ಒಟ್ಟು ಮೊತ್ತ ಒಂದನ್ನೇ ಚೀಟಿಯಲ್ಲಿ ಗೀಚಿ ಕೊಡುತ್ತಾರೆ. ಇದು ಅಂಗಡಿಯ ಮೊದಲ ದೋಷ. ಬೆಳ್ಳಿಗೆ ಹಾಲ್‌ಮಾರ್ಕ್ ಬಂಗಾರದ ಹಾಗೆ ಕಡ್ಡಾಯವಲ್ಲವಾದ್ದರಿಂದ ಆ ಬಿಲ್ಲೇ ನಿಮ್ಮ ಕೈಯಲ್ಲಿರುವ ಪುರಾವೆ. ಮುಂದೆ ಮುರಿದು ಕೊಡುವಾಗ ಬಿಲ್ಲಿಲ್ಲದ ಬೆಳ್ಳಿಗೆ ಬಾಯಿಗೆ ಬಂದ ದರ ಕಟ್ಟುತ್ತಾರೆ.

ಆಕಾರ ನೋಡಿ ಮರುಳಾಗಬೇಡಿ, ಕೀಲು ನೋಡಿ. ಮುಚ್ಚಳ ಮತ್ತು ತಳವನ್ನು ಹಿಡಿದಿರುವುದು ಒಂದು ಸಣ್ಣ ತಂತಿ. ಅದರ ಎರಡೂ ತುದಿ ಬಡಿದು ಚಪ್ಪಟೆ ಮಾಡಿರಬೇಕು. ಬರೀ ಮಡಚಿದ್ದರೆ ದಿನಕ್ಕೆ ಎರಡು ಸಲ ತೆಗೆದು ಹಾಕುವ ಹೊತ್ತಿಗೆ ಸಡಿಲವಾಗಿ ಜಾರಿ ಬೀಳುತ್ತದೆ, ಅದು ಬಿದ್ದದ್ದು ಗೊತ್ತೂ ಆಗುವುದಿಲ್ಲ. ಕೊಕ್ಕೆ ಮುಚ್ಚಿದಾಗ 'ಟಕ್' ಅನ್ನಬೇಕು. ಶಿವದಾರ ಪೋಣಿಸುವ ಕಡಿಗಳ ಒಳಗೆ ಉಗುರು ಆಡಿಸಿ ನೋಡಿ; ಒಳ ಅಂಚು ತರಿತರಿ ಇದ್ದರೆ ಅದು ಗರಗಸದ ಹಾಗೆ ದಾರವನ್ನು ದಿನಾ ಒಂದೊಂದು ಎಳೆ ಕೊಯ್ಯುತ್ತದೆ. ಅಂಗಡಿಯಲ್ಲೇ ಅರ ಹಾಕಿ ನುಣುಪು ಮಾಡಿಕೊಡುತ್ತಾರೆ, ದುಡ್ಡು ತಗೊಳ್ಳುವುದಿಲ್ಲ. ಕೊನೆಯದಾಗಿ, ಲಿಂಗವನ್ನು ಲಿಂಗವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಕರಡಿಗೆ ದೊಡ್ಡದು. ಬಸ್ಸು ಹತ್ತಿ ಇಳಿಯುವ, ಕಬಡ್ಡಿ ಆಡುವ ಹುಡುಗನ ಎದೆಯ ಮೇಲೆ ಆ ಸದ್ದು ಒಂದು ವರ್ಷ ನಡೆದರೆ ಕಂತಿಯ ಅಂಚು ಉಳಿಯುವುದಿಲ್ಲ. ಸಣ್ಣ ಕರಡಿಗೆ ಇಲ್ಲವೆಂದರೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ. ಹತ್ತಿ ತುರುಕಬೇಡಿ, ನಾರು ಕಂತಿಗೆ ಹತ್ತುತ್ತದೆ.

ಬೆಳ್ಳಿ ಕಪ್ಪಾಗುವುದು ಗಾಳಿಯ, ಬೆವರಿನ ಗಂಧಕದಿಂದ. ಅದಕ್ಕೆ ಪಾಲಿಶ್ ಡಬ್ಬಿ ಬೇಡ. ಒಣ ವಿಭೂತಿಯನ್ನು ಹಳೇ ಪಂಚೆ ತುಂಡಿನಲ್ಲಿ ಹಾಕಿ ತಿಕ್ಕಿದರೆ ಬೆಳಗುತ್ತದೆ. ಆದರೆ ಲಿಂಗ ಹೊರಗಿಟ್ಟು ತಿಕ್ಕಿ.

ಶಿವದಾರ ಹತ್ತಿಯದೇ ಇರಲಿ. ನೈಲಾನ್ ದಾರ ಬಾಳುತ್ತದೆ ಅಂತ ತೋರಿಸುತ್ತಾರೆ. ಬಾಳುವುದು ನಿಜ, ಕತ್ತೂ ಕೊಯ್ಯುತ್ತದೆ, ಗಂಟೂ ಜಾರುತ್ತದೆ. ಲಿಂಗ ಹೊಕ್ಕಳಿಂದ ಕೆಳಗೆ ಇಳಿಯಬಾರದು ಅನ್ನುವುದು ರೂಢಿ, ಎದೆಯ ಮಟ್ಟದಲ್ಲಿದ್ದರೆ ಊಟಕ್ಕೆ ಬಗ್ಗಿದಾಗ ತಟ್ಟೆಗೆ ಬಡಿಯುವುದಿಲ್ಲ. ಬೆಳೆಯುವ ಹುಡುಗನಿಗೆ ಒಂದು ಗೇಣು ಹೆಚ್ಚು ಬಿಟ್ಟು ಹಿಂದೆ ಗಂಟು ಹಾಕಿಸಿ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಬದಲಿಸಿ, ಬೆವರುಪ್ಪಿಗೆ ಹತ್ತಿ ಕೊಳೆಯುತ್ತದೆ.

ವಿಭೂತಿ ಈ ಅಂಗಡಿಯ ಹೆಮ್ಮೆ. ಎರಡು ಬುಟ್ಟಿಗಳಿವೆ. ಒಂದರಲ್ಲಿ ಹಾಲಿನಂತೆ ಬೆಳ್ಳಗಿನ ಗಟ್ಟಿಗಳು, ಇನ್ನೊಂದರಲ್ಲಿ ಸ್ವಲ್ಪ ಬೂದು ಬಣ್ಣದವು. ಹೊಸಬರ ಕೈ ಬಿಳಿಯ ಬುಟ್ಟಿಗೇ ಹೋಗುತ್ತದೆ. ಅಯ್ಯನೋರ ಹೆಂಡತಿ, ಎಲ್ಲರೂ ಅಮ್ಮನೋರು ಅನ್ನುತ್ತಾರೆ, ಆ ಕೈಯನ್ನು ಹಿಡಿದು ಬೂದು ಬುಟ್ಟಿಗೆ ತಿರುಗಿಸುತ್ತಾರೆ. ಸಗಣಿಯ ಉಂಡೆ ಒಣಗಿಸಿ, ಸುಟ್ಟು, ಬೂದಿಯನ್ನು ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಬೂದಿ ತಳ ಕೂತ ಮೇಲೆ ಮೇಲಿನ ತಿಳಿ ಚೆಲ್ಲಿ ಗಟ್ಟಿ ಕಟ್ಟುತ್ತಾರೆ. ಆ ತಿಳಿಯಲ್ಲೇ ಬೂದಿಯ ಕ್ಷಾರ ಕರಗಿ ಹೋಗುವುದು. ಒಂದೇ ನೀರಿಗೆ ಮುಗಿಸಿದ ವಿಭೂತಿ ಹಣೆ ಉರಿಸುತ್ತದೆ. ಸುಣ್ಣವೋ ಸೀಮೆಸುಣ್ಣದ ಪುಡಿಯೋ ಬೆರೆತರೆ ಬಣ್ಣ ಬೆಳ್ಳಗಾಗುತ್ತದೆ, ತೂಕ ಹೆಚ್ಚುತ್ತದೆ. ಅಳತೆಯಲ್ಲಿ ಸಮ ಇರುವ ಎರಡು ಗಟ್ಟಿ ಎರಡು ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ, ಸಗಣಿಯದು ಹಗುರ. ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗ ಮಂದಿರದ ವಿಭೂತಿಗೆ ಈ ಭಾಗದಲ್ಲಿ ಹಿಂದಿನಿಂದಲೂ ಹೆಸರಿದೆ, ಸರಕು ಬಂದಾಗ ಇಲ್ಲೂ ಸಿಗುತ್ತದೆ. ಹಾಗಿದ್ದರೆ ಬಿಳಿ ಬುಟ್ಟಿ ಯಾಕೆ ಇಟ್ಟಿದ್ದೀರಿ ಅಂತ ಕೇಳಿದರೆ, "ಮದ್ವಿ ಮನಿಯೋರು ಬೆಳ್ಳಗದ್ದೇ ಕೇಳ್ತಾರಪ್ಪಾ" ಅನ್ನುವ ಉತ್ತರ. ಇರಲಿ.

ರುದ್ರಾಕ್ಷಿಗೆ ಐದು ಮುಖದ್ದು ಸಾಕು, ಅದೇ ಹೇರಳವಾಗಿ ಬೆಳೆಯುವುದು, ಅಗ್ಗ, ಮೋಸ ಕಡಿಮೆ. ನೀರಲ್ಲಿ ಮುಳುಗಿದರೆ ಅಸಲಿ ಅನ್ನುವ ಪರೀಕ್ಷೆಗೆ ಅರ್ಥವಿಲ್ಲ. ಚೆನ್ನಾಗಿ ಒಣಗಿದ ಅಸಲಿಯೂ ತೇಲಬಹುದು, ಸೀಸ ತುಂಬಿದ ನಕಲಿಯೂ ಮುಳುಗುತ್ತದೆ.

ತಟ್ಟೆ, ಬಟ್ಟಲು, ಗಂಟೆ, ಧೂಪಾರತಿ ಎಲ್ಲ ಸೇರಿಸಿ ಕಟ್ಟಿಟ್ಟ ದೊಡ್ಡ ಸೆಟ್ಟು ತಗೊಳ್ಳಬೇಡಿ. ಆರು ಗಂಟೆಗೆ ಟ್ಯೂಷನ್ನಿಗೆ ಓಡುವ ಹುಡುಗನಿಗೆ ಹಿತ್ತಾಳೆ ತಿಕ್ಕುತ್ತ ಕೂರಲು ಹೊತ್ತೆಲ್ಲಿ? ಅಭಿಷೇಕದ ನೀರು ಬೀಳಲು ಒಂಬತ್ತಂಗುಲದ ಒಂದು ಸ್ಟೀಲ್ ತಟ್ಟೆ, ಒಂದು ಸಣ್ಣ ಗಿಂಡಿ, ಒಂದು ದೀಪ, ಒಂದು ಮರದ ಮಣೆ, ಎರಡು ಬಿಳಿ ಬಟ್ಟೆ. ಗಂಟೆಯನ್ನಂತೂ ಬಿಟ್ಟುಬಿಡಿ, ನಸುಕಿನ ಐದಕ್ಕೆ ಗಂಟೆ ಬಾರಿಸಿದರೆ ಮನೆಯ ಪ್ರಗತಿಪರರಿಗೆ ಬರುವ ಸಿಟ್ಟಿಗೆ ಸಿದ್ಧಾಂತ ಕಾರಣವಾಗಿರುವುದಿಲ್ಲ, ನಿದ್ದೆ ಕಾರಣವಾಗಿರುತ್ತದೆ.

ಪೂಜೆಯ ಕ್ರಮವನ್ನು ಅಮ್ಮನೋರು ಕೌಂಟರಿನ ಮೇಲೇ ತೋರಿಸುತ್ತಾರೆ. ದುಡ್ಡು ಕೊಟ್ಟರೂ ಬೇರೆಡೆ ಸಿಗದ ಸೇವೆ ಇದು. ಗಟ್ಟಿಯನ್ನು ಅಂಗೈಯಲ್ಲಿ ನಾಲ್ಕು ಹನಿ ನೀರಿಗೆ ತೇದು ನಡುವಿನ ಮೂರು ಬೆರಳಿನಿಂದ ಹಣೆಗೆ ಎಳೆಯುವುದು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ತಟ್ಟೆಯ ಮೇಲೆ ಹಿಡಿದು ಸಣ್ಣ ಧಾರೆಯಲ್ಲಿ ನೀರು, ಕೂಡಲೇ ಬಟ್ಟೆಯಿಂದ ಒತ್ತಿ ಒರೆಸುವುದು. ಉಜ್ಜುವುದಲ್ಲ, ಒತ್ತುವುದು. ಆಮೇಲೆ ವಿಭೂತಿ, ಪತ್ರಿ, ಹೂವು, ಧೂಪ, ದೀಪ. ಲಿಂಗವನ್ನು ಎದೆಗಿಂತ ಸ್ವಲ್ಪ ಮೇಲೆ, ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ನೋಡುತ್ತ 108 ಜಪ. ಮೊದಲ ವಾರ ಎಲ್ಲರ ಕೈಯೂ ನಡುಗುತ್ತದೆ. ಮೊಣಕೈಯನ್ನು ಗಾಳಿಯಲ್ಲಿ ಬಿಟ್ಟದ್ದೇ ಅದಕ್ಕೆ ಕಾರಣ. ಚಕ್ಕಳಮಕ್ಕಳ ಕೂತು ತೊಡೆಯ ಮೇಲೆ ಮಡಚಿದ ಟವಲ್ ಇಟ್ಟು ಮೊಣಕೈ ಊರಿದರೆ ನಡುಕ ನಿಲ್ಲುತ್ತದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಹನ್ನೆರಡು ನಿಮಿಷಕ್ಕೆ ಮುಗಿಸಿದರೂ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಹುಡುಗಿಯರಿಗೆ ಅಮ್ಮನೋರು ಹೇಳುವ ಮಾತು ಇನ್ನೂ ಮುಖ್ಯ. ಹೊಸದಾಗಿ ಆಚಾರಕ್ಕೆ ಬಿದ್ದ ಕೆಲವು ಹುಡುಗಿಯರು ಮುಟ್ಟಿನ ದಿನ ಲಿಂಗ ತೆಗೆದಿಡಬೇಕೇ, ಮನೆಯ ಮೂಲೆಯಲ್ಲಿ ಬೇರೆ ಕೂರಬೇಕೇ ಅಂತ ಕೇಳುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿತ ಮಡಿ ಅದು. ಲಿಂಗ ಕಟ್ಟಿದವರಿಗೆ ಪಂಚಸೂತಕವಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದರಲ್ಲಿ ಯಾವುದೂ ಮೈಲಿಗೆಯಲ್ಲ. "ಲಿಂಗ ತೆಗೆದಿಟ್ರ ಅದೇ ತಪ್ಪವ್ವಾ" ಅಂತ ಅಮ್ಮನೋರು ಅಂದಾಗ, ಹೊರಗೆ ಸ್ಕೂಟಿಯ ಮೇಲೆ ಮುಖ ಸಿಂಡರಿಸಿ ಕಾಯುತ್ತ ಕೂತ ತಾಯಿ ಮನೆಯಲ್ಲಿ ವರ್ಷದಿಂದ ಹೇಳುತ್ತ ಬಂದದ್ದೂ ಇದನ್ನೇ ಇರುತ್ತದೆ. ಸಂಪ್ರದಾಯ ಬೇಕೆನ್ನುವ ಮಗಳೂ ಬೇಡವೆನ್ನುವ ತಾಯಿಯೂ ಒಂದೇ ಮಾತಿಗೆ ಬಂದು ನಿಲ್ಲುವ ಜಾಗ ಬಳ್ಳಾರಿಯಲ್ಲಿ ಬೇರೆ ಇದ್ದಂತಿಲ್ಲ.

ಇಷ್ಟೆಲ್ಲ ಒಳ್ಳೆಯ ಅಂಗಡಿ ಬಾಗಿಲ ಬಳಿಯೇ ಒಂದು ಸ್ಟ್ಯಾಂಡ್ ಇಟ್ಟು ತನ್ನ ಮರ್ಯಾದೆ ತಾನೇ ಕಳೆದುಕೊಂಡಿದೆ. ಪರೀಕ್ಷೆ ಹತ್ತಿರ ಬಂದಾಗ 'ವಿದ್ಯಾರ್ಥಿ ಸೆಟ್' ಅಂತ ಒಂದು ಪ್ಲಾಸ್ಟಿಕ್ ಡಬ್ಬಿ: ತಾಮ್ರದ ಯಂತ್ರ, ಪೂಜೆ ಮಾಡಿಸಿದ್ದೆನ್ನುವ ಪೆನ್ನು, ಹಸಿರು ಕಲ್ಲಿನ ಉಂಗುರ. ಅಂಗಡಿ ನೋಡಿಕೊಳ್ಳುವ ಮಗನ ಬುದ್ಧಿ ಅಂತೆ. ಪೆನ್ನು ಹತ್ತು ರೂಪಾಯಿಯ ಜೆಲ್ ಪೆನ್ನು, ರೀಫಿಲ್ ಅರ್ಧದಲ್ಲೇ ಕೈಕೊಡುತ್ತದೆ. ಇಷ್ಟಲಿಂಗ ಒಂದೇ ಸಾಕು ಅಂತ ಬಂದ ಹುಡುಗನಿಗೆ ಯಂತ್ರ ಮಾರುವುದು ಎಂಥ ಆಚಾರ? ಸೀಟಿನ ಆಸೆ ಇರುವ ಮಕ್ಕಳ ಭಯ ಅಲ್ಲಿ ಸರಕಾಗಿದೆ. ಆ ಡಬ್ಬಿಯ ದುಡ್ಡಿಗೆ ಹಳೇ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಬರುತ್ತದೆ.

ಪರೀಕ್ಷೆಯ ಮಾತು ಬಂತು, ಇನ್ನೊಂದು ವಿಷಯ. ನೀಟ್ ಕೇಂದ್ರದೊಳಗೆ ಲೋಹದ ವಸ್ತು ಬಿಡುವುದಿಲ್ಲ, ಬೆಳ್ಳಿ ಕರಡಿಗೆ ಡಿಟೆಕ್ಟರಿಗೆ ಕೂಗಿಯೇ ಕೂಗುತ್ತದೆ. 2025ರ ಏಪ್ರಿಲ್‌ನಲ್ಲಿ ಸಿಇಟಿಗೆ ಹೋದ ಹುಡುಗರಿಗೆ ಬೀದರ್, ಶಿವಮೊಗ್ಗಗಳಲ್ಲಿ ಜನಿವಾರ ತೆಗೆಯಲು ಹೇಳಿದ್ದು ರಾಜ್ಯವೆಲ್ಲ ಸುದ್ದಿಯಾಗಿತ್ತು. ಅಂಥ ಗಲಾಟೆಯಲ್ಲಿ ಕೊನೆಗೆ ಯಾರು ಗೆದ್ದರೂ ಆ ದಿನದ ಪೇಪರು ಹೋದದ್ದು ಹೋಯಿತು. ಪರೀಕ್ಷೆಯ ದಿನ ಕರಡಿಗೆ ಮನೆಯಲ್ಲೇ ಇರಲಿ. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಹತ್ತಿಯ ಶಿವದಾರದಲ್ಲೇ ಕಟ್ಟಿಕೊಳ್ಳಬಹುದು. ಹಿಂದಿನಿಂದ ಬಂದ ಕ್ರಮವೇ ಅದು. ಈ ಅಂಗಡಿಯಲ್ಲಿ ಅದಕ್ಕೆಂದೇ ಗುಂಡಿ, ಜಿಪ್ಪು ಏನೂ ಇಲ್ಲದ, ಬಾಯಿಗೆ ದಾರ ಎಳೆದು ಬಿಗಿಯುವ ಬಟ್ಟೆಯ ಚೀಲ ಹೊಲಿಸಿಟ್ಟಿದ್ದಾರೆ, 40 ರೂಪಾಯಿ. ಇಡೀ ಅಂಗಡಿಯಲ್ಲಿ ನಾವು ಮೆಚ್ಚಿದ ವಸ್ತು ಅದು. ಧಾರ್ಮಿಕ ಗುರುತು ಧರಿಸಿದವರು ತಪಾಸಣೆಗೆ ಬೇಗ ಬರಬೇಕು ಅಂತ ನೀಟ್ ಪ್ರವೇಶಪತ್ರದ ಸೂಚನೆಯಲ್ಲೇ ಇರುತ್ತದೆ. ಗೇಟು ಮುಚ್ಚುವ ಹೊತ್ತಿಗೆ ಓಡಿಹೋಗಿ ವಾದ ಮಾಡುವುದಕ್ಕಿಂತ ಒಂದು ಗಂಟೆ ಮೊದಲು ಹೋಗಿ ಚೀಲ ತೆಗೆದು ತೋರಿಸುವುದು ಸುಲಭ.

ಮನೆಯಲ್ಲಿ ಇಡಲು ಜಾಗ ಅಂದರೆ, ಎರಡಡಿ ಅಗಲದ ಗೋಡೆ ಹಲಗೆ ಒಂದು ಸಾಕು, ಫ್ಯಾನಿನ ಗಾಳಿ ನೇರ ಬೀಳದ ಕಡೆ. ಅಡುಗೆಮನೆಯ ತಂಟೆಗೆ ಹೋಗಬೇಡಿ. ಭಾನುವಾರದ ಮಟನ್ ನಿಲ್ಲಿಸಿ ಅಂತ ಹಟ ಹಿಡಿದ ಮಕ್ಕಳ ಮನೆಯಲ್ಲಿ ಪೂಜೆ ತಿಂಗಳೂ ನಡೆಯುವುದಿಲ್ಲ. ಬೇರೆ ಒಂದು ಹಂಚು, ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡು, ತನ್ನ ರೊಟ್ಟಿ ತಾನೇ ಬಡಿದುಕೊಳ್ಳಲು ಕಲಿತ ಹುಡುಗನ ಮೇಲೆ ಎಂಥ ವಿಚಾರವಾದಿ ಅಪ್ಪನಿಗೂ ಕೂಗಾಡಲು ಬಾಯಿ ಬರುವುದಿಲ್ಲ. "ಜಾತಿ ಗುರುತು ಕೊರಳಿಗೆ ಯಾಕೋ" ಅಂತ ಅಪ್ಪ ಕೇಳಿದರೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಅದೇ ಕಪಾಟಿನಲ್ಲಿರುವ ಅಪ್ಪನ ವಚನ ಸಂಪುಟಗಳನ್ನು ಇಬ್ಬರೂ ಕೂತು ಓದಬೇಕಾಗುತ್ತದೆ, ಅಪ್ಪನ ಪ್ರಶ್ನೆಯಲ್ಲೂ ಹುರುಳಿದೆ.

ಅಂಗಡಿ ಬೆಳಿಗ್ಗೆ ಏಳಕ್ಕೇ ತೆಗೆಯುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕು ಮುಚ್ಚಿರುತ್ತದೆ. ಫೋನ್‌ಪೇ ನಡೆಯುತ್ತದೆ, ಬೆಳ್ಳಿಗೆ ಮಾತ್ರ ನಗದು ಕೇಳುತ್ತಾರೆ, ಒಪ್ಪಬೇಡಿ. ಕೀಲು ಸಡಿಲಾದರೆ ಒಂದು ವರ್ಷದ ತನಕ ಪುಕ್ಕಟೆ ಬಿಗಿ ಮಾಡಿಕೊಡುತ್ತಾರೆ, ದಾರ ಬದಲಿಸಲು ಹೋದಾಗಲೇ ತೋರಿಸಿ. ಬಿಲ್ವಪತ್ರಿ ಸೋಮವಾರ ಮಾತ್ರ ಬರುತ್ತದೆ, ಎಂಟಕ್ಕೆಲ್ಲ ಖಾಲಿ. ಒಂದು ಕಟ್ಟು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲಿಟ್ಟರೆ ವಾರ ಬಾಳುತ್ತದೆ. ಏರಿಸಿದ ಪತ್ರಿಯನ್ನೇ ತೊಳೆದು ಮತ್ತೆ ಏರಿಸುವ ರೂಢಿಯೂ ಇದೆ. ಮೊಟ್ಟೆಯ ಟ್ರೇ ಮೇಲಿನ ಅಂಕಣದಲ್ಲಿದ್ದರೆ ಇರಲಿ ಬಿಡಿ.